ಸ್ಪಷ್ಟನೆ: ಸ್ನೋಬೋರ್ಡ್ ಗದ್ದಕ್ಕೆ ಬಂದರೆ ಸಾಲದು

ಹಿಮದ ಮೇಲೆ ನಿಂತು ಜಾರುವ ಹಲಗೆಯಾದ ಸ್ನೋಬೋರ್ಡ್ ಆಡಲು ಗುಲ್ಮಾರ್ಗ್, ಔಲಿಗೆ ಹೊರಡುವ ತುಮಕೂರಿನವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಓಡಾಡುತ್ತಿದೆ: ‘ನಿಲ್ಲಿಸಿದಾಗ ಗದ್ದ ಮುಟ್ಟುವ ಬೋರ್ಡ್ ತಗೊಳ್ಳಿ, ವಾಪಸ್ ತಂದು ಒರೆಸಿಟ್ಟರೆ ಆಯ್ತು’. ಎರಡೂ ಅರ್ಧ ಸತ್ಯ.

ಬೋರ್ಡ್ ಬಾಗುವುದು ನಿಮ್ಮ ತೂಕಕ್ಕೆ, ಎತ್ತರಕ್ಕಲ್ಲ. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರು 55 ಕೆ.ಜಿ., ಇನ್ನೊಬ್ಬರು 85 ಕೆ.ಜಿ. ಇದ್ದರೆ ಒಂದೇ ಬೋರ್ಡ್ ಇಬ್ಬರಿಗೂ ಹೊಂದದು. ಹಗುರ ಇರುವವರಿಗೆ ಅದು ಸುಲಭಕ್ಕೆ ತಿರುಗದು. ಭಾರ ಇರುವವರ ಕಾಲಡಿ ವೇಗದಲ್ಲಿ ಅದುರುತ್ತದೆ. ತಯಾರಕರ ತೂಕದ ಪಟ್ಟಿ ನೋಡಿ. ಅಗಲದ ವಿಷಯವನ್ನಂತೂ ಯಾರೂ ಹೇಳುವುದೇ ಇಲ್ಲ, ಬೀಳಿಸುವುದು ಅದೇ. ಬೋರ್ಡ್ ಮೇಲೆ ಅಡ್ಡ ನಿಂತಾಗ ಬೂಟು ಅದರ ಎರಡೂ ಅಂಚಿನಾಚೆ 1–2 ಸೆಂ.ಮೀ. ಚಾಚಿದರೆ ಸರಿ. ಹೆಚ್ಚಾದರೆ ಬೋರ್ಡ್ ವಾಲಿದಾಗ ಬೂಟು ಹಿಮಕ್ಕೆ ತಗುಲಿ ಅಂಚಿನ ಹಿಡಿತ ತಪ್ಪುತ್ತದೆ. ಕಲಿಯುವವರಿಗೆ ಬೋರ್ಡ್ ಎಷ್ಟು ಬಾಗದೆ ನಿಲ್ಲುತ್ತದೆಂದು ಹೇಳುವ 10ರ ಅಳತೆಯಲ್ಲಿ 3–4ರಷ್ಟು ಗಡಸುತನ ಸಾಕು.

ಬರೀ ಒರೆಸಿಟ್ಟರೆ ನಮ್ಮ ಮಳೆಗಾಲದ ತೇವಕ್ಕೆ ಉಕ್ಕಿನ ಅಂಚು ತುಕ್ಕು ಹಿಡಿಯುತ್ತದೆ. ಪೂರ್ತಿ ಒಣಗಿಸಿ, ಬೈಂಡಿಂಗ್ (ಬೂಟನ್ನು ಬೋರ್ಡ್‌ಗೆ ಬಿಗಿಯುವ ಭಾಗ) ಬಿಚ್ಚಿ, ಇಸ್ತ್ರಿಯಿಂದ ಕರಗಿಸಿದ ಬಿಸಿ ವ್ಯಾಕ್ಸನ್ನು (ಮೇಣ) ತಳಕ್ಕೂ ಅಂಚಿಗೂ ದಪ್ಪಗೆ ಬಳಿದು ಕೆರೆಯದೆ ಇಡಿ. ಇಸ್ತ್ರಿಯಡಿ ವ್ಯಾಕ್ಸ್ ಹೊಗೆಯಾಡಿದರೆ ಬಿಸಿ ಹೆಚ್ಚಾಗಿದೆ, ತಳ ಸುಡುತ್ತದೆ. ಕೆರೆಯುವುದು ಮುಂದಿನ ಸಲ ಹೊರಡುವ ಮುನ್ನ. ಬೂಟನ್ನು ಶೀಟಿನ ಮಾಡಿನಡಿ ಇಡಬೇಡಿ. ಏಪ್ರಿಲ್ ಬಿಸಿಗೆ ಅಂಟು ಬಿಡುತ್ತದೆ.