ನನಗೆ ‘ಮಡಚಿ’, ಅವಳಿಗೆ ‘ಮಡಚೇ’

ನನ್ನ ಮಗಳು ಹುಟ್ಟಿದ್ದು ಸರ್ಕಾರಿ ಆಸ್ಪತ್ರೆಯಲ್ಲಿ. ಪಕ್ಕದ ಮಂಚದಲ್ಲಿ ಚೊಚ್ಚಲ ಹೆರಿಗೆಗೆ ಬಂದಿದ್ದ ಹುಡುಗಿ. ಸಿಸ್ಟರ್ ನನಗೆ “ಮೇಡಂ, ಸ್ವಲ್ಪ ಕಾಲು ಮಡಚಿ” ಅಂದರು. ಆಮೇಲೆ ಸಿಸ್ಟರ್ ಆ ಹುಡುಗಿಯ ‘ತಾಯಿ ಕಾರ್ಡ್’ (ಗರ್ಭಿಣಿಯರಿಗೆ ಸರ್ಕಾರ ಕೊಡುವ ಕಾರ್ಡ್) ತಿರುವಿ ನೋಡಿ “ಯಾವ ಕೇರಿ?” ಅಂತ ಕೇಳಿದರು. ಅವಳು ಹೇಳಿದಳು. ಆಮೇಲೆ ಶುರುವಾಯಿತು, “ಏಯ್, ಕಾಲು ಮಡಚೇ.” ನೋವಿಗೆ ಕಿರುಚಿದಾಗ ತೊಡೆಗೆ ಏಟು. ಜೊತೆಗೆ ಆ ಮಾತು: “ಗಂಡನ ಜೊತೆ ಮಲಗುವಾಗ ಹಿಂಗೇ ಕೂಗಿದ್ಯಾ?”

ನಾನೂ ಕಿರುಚಿದ್ದೆ. ನನಗೆ ಯಾರೂ ಹಾಗೆ ಅನ್ನಲಿಲ್ಲ.

ಕೆಲಸದ ಒತ್ತಡ ಅಂತಾರೆ. ಒತ್ತಡ ನಿಜ, ಅಷ್ಟು ಹೆರಿಗೆಗೆ ಅಷ್ಟು ಕಡಿಮೆ ಜನ ಇರಬಾರದು. ಆದರೆ ಅದೇ ಸಿಸ್ಟರ್, ಅದೇ ರಾತ್ರಿ, ಅದೇ ಸುಸ್ತು. ನನ್ನ ಮಂಚದ ಹತ್ತಿರ ಬಂದಾಗ ಮಾತ್ರ ದನಿ ಮೆತ್ತಗಾಗುತ್ತಿತ್ತು. ಅದು ಸುಸ್ತಲ್ಲ, ಜಾತಿ.

‘ಮಗು ಚೆನ್ನಾಗಿದೆಯಲ್ಲ, ಬೈದರೆ ಏನೀಗ’ ಅನ್ನೋರೂ ಇದ್ದಾರೆ. ಬೈಸಿಕೊಂಡವಳು ಮತ್ತೆ ಬಾಯಿ ಬಿಡಲ್ಲ ಕಣ್ರೀ. ಹೆರಿಗೆ ಆದಮೇಲೆ ರಕ್ತ ಜಾಸ್ತಿ ಹೋಗುತ್ತಿದ್ದರೂ ಸಿಸ್ಟರನ್ನು ಕೂಗಲು ಹೆದರುತ್ತಾಳೆ. ತಾಯಂದಿರು ಸಾಯುವುದಕ್ಕೆ ದೊಡ್ಡ ಕಾರಣಗಳಲ್ಲಿ ಆ ರಕ್ತಸ್ರಾವವೂ ಒಂದು.

2022ರ ನವೆಂಬರ್, ತುಮಕೂರು. ತಮಿಳುನಾಡು ಮೂಲದ ಬಡ ಗರ್ಭಿಣಿ ನೋವು ಅಂತ ಜಿಲ್ಲಾಸ್ಪತ್ರೆಗೆ ಹೋದರು. ತಾಯಿ ಕಾರ್ಡ್ ಇಲ್ಲ, ಆಧಾರ್ ಇಲ್ಲ ಅಂತ ವಾಪಸ್ ಕಳಿಸಿದರು ಅನ್ನುವುದು ಆರೋಪ. ಮನೆಯಲ್ಲೇ ಹೆರಿಗೆಯಾಗಿ ಆ ತಾಯಿ, ಅವಳಿ ಕೂಸುಗಳು, ಮೂವರೂ ಸತ್ತರು. ಸಿಬ್ಬಂದಿ ಅಮಾನತಾದರು. ಒಳ್ಳೆ ಸೀರೆ ಉಟ್ಟು, ಜೊತೆಗೆ ನಾಲ್ಕು ಜನರನ್ನು ಕರೆದುಕೊಂಡು ಬಂದವಳಾಗಿದ್ದರೆ ಹಾಗೆ ಕಳಿಸುತ್ತಿದ್ದರಾ?

ಹೆರಿಗೆ ಕೋಣೆಯಲ್ಲಿ ಅಮ್ಮನೋ ಅಕ್ಕನೋ ಜೊತೆಗಿರಬಹುದು ಅಂತ ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. ಸರ್ಕಾರಿ ಹೆರಿಗೆ ಕೋಣೆಗಳನ್ನು ಸುಧಾರಿಸುವ 2017ರ ‘ಲಕ್ಷ್ಯ’ ಕಾರ್ಯಕ್ರಮದಲ್ಲಿ ಗೌರವದ ಆರೈಕೆಯೂ ಸೇರಿದೆ. ಆದರೂ ಎಷ್ಟೋ ಕಡೆ ಅತ್ತೆ, ಅಮ್ಮ ಎಲ್ಲರೂ ಬಾಗಿಲಾಚೆಯೇ. ಜೊತೆಗೊಬ್ಬರು ಕೈ ಹಿಡಿದು ನಿಂತಿದ್ದರೆ ಆ ಏಟು ಅಷ್ಟು ಸಲೀಸಾಗಿ ಬೀಳುತ್ತಿರಲಿಲ್ಲ. ದಯವಿಟ್ಟು ಒಳಗೆ ಬಿಡಿ ಅಂತ ಕೇಳಿ. ಊರಿನ ಆಶಾ ಕಾರ್ಯಕರ್ತೆ ಅಕ್ಕನನ್ನೂ ಜೊತೆಗೆ ಕರೆದುಕೊಂಡು ಹೋಗಿ ಕೇಳಿ.

ಆ ರಾತ್ರಿ ಹುಡುಗಿ ನೀರು ಕೇಳಿದಳು. ನನ್ನ ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿ ಕೊಟ್ಟೆ. ಅವಳು ಕುಡಿದಿಟ್ಟ ಲೋಟವನ್ನು ಆಯಾ ಎರಡು ಬೆರಳಲ್ಲಿ ಎತ್ತಿಕೊಂಡು, “ತೊಳೆದು ಕೊಡ್ತೀನಿ ಮೇಡಂ” ಅಂದಳು. ಹುಡುಗಿ ಗೋಡೆ ಕಡೆ ತಿರುಗಿ ಮಲಗಿದಳು. ನಾನು ಏನೂ ಅನ್ನಲಿಲ್ಲ.