ಹೊಗೆ ಇಲ್ಲ, ಬೂದಿ ಇಲ್ಲ, ಬಿಸಿಯೂ ಇಲ್ಲ

ಜಗತ್ತಿನಲ್ಲಿ ಎಲ್ಲಕ್ಕಿಂತ ಸ್ವಚ್ಛವಾದ ಇಂಧನ ಯಾವುದು ಅಂತ ಯಾರಾದರೂ ಕೇಳಿದರೆ ಹಿಂದೆ ಮುಂದೆ ನೋಡದೆ ಹೇಳಿಬಿಡಿ, ಕೋಲ್ಡ್ ಫ್ಯೂಷನ್ ಅಂತ. ತಣ್ಣಗಿದ್ದಲ್ಲೇ ಪರಮಾಣುಗಳ ಬೀಜಗಳನ್ನು ಬೆಸೆದು ಶಾಖ ಪಡೆಯುವ ವಿದ್ಯೆ ಅದು. ಕಲ್ಲಿದ್ದಲಿಗೆ ಹೊಗೆಯ ಕಾಟ. ಅಣುಸ್ಥಾವರಕ್ಕೆ ತ್ಯಾಜ್ಯದ ಕಾಟ. ಅಣೆಕಟ್ಟಿಗೆ ಮುಳುಗಡೆಯ ಕಾಟ. ಇದಕ್ಕೆ ಯಾವ ಕಾಟವೂ ಇಲ್ಲ. ಹೊಗೆ ಇಲ್ಲ, ಬೂದಿ ಇಲ್ಲ, ವಿಕಿರಣ ಇಲ್ಲ. ಕರೆಂಟೂ ಇಲ್ಲ. ಇದಕ್ಕಿಂತ ಸ್ವಚ್ಛ ಇನ್ನೇನು ಬೇಕು ಹೇಳಿ?

1989ರ ಮಾರ್ಚ್ 23ರಂದು ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಫ್ಲೈಶ್‌ಮನ್ ಮತ್ತು ಸ್ಟ್ಯಾನ್ಲಿ ಪಾನ್ಸ್ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು ಪತ್ರಕರ್ತರನ್ನು ಕರೆಸಿದರು. ಸೂರ್ಯನ ಒಡಲಲ್ಲಿ ಸುಮಾರು ಒಂದೂವರೆ ಕೋಟಿ ಡಿಗ್ರಿ ಶಾಖದಲ್ಲಿ ನಡೆಯುವ ಕೆಲಸವನ್ನು ಮೇಜಿನ ಮೇಲಿನ ಗಾಜಿನ ಕೊಳವೆಯಲ್ಲಿ ಮಾಡಿಬಿಟ್ಟಿದ್ದೇವೆ ಎಂದರು. ಬೇಕಾದ ಸಾಮಾನು ಕಡಿಮೆ. ಭಾರಜಲ, ಅದರಲ್ಲಿ ಒಂದಿಷ್ಟು ಲಿಥಿಯಂ, ನಡುವೆ ಪಲ್ಲಾಡಿಯಂ ಎಂಬ ಲೋಹದ ಕಡ್ಡಿ, ಅದರ ಸುತ್ತ ಪ್ಲಾಟಿನಂ ತಂತಿ. ಕರೆಂಟು ಹರಿಸಿದರೆ ಭಾರಜಲದೊಳಗಿನ ಡ್ಯೂಟೀರಿಯಂ, ಅಂದರೆ ಭಾರದ ಹೈಡ್ರೋಜನ್, ಪಲ್ಲಾಡಿಯಂ ಒಳಗೆ ತುಂಬಿಕೊಳ್ಳುತ್ತದೆ. ಇಲ್ಲಿಯವರೆಗೆ ಯಾರದ್ದೂ ತಕರಾರಿಲ್ಲ. ಹಾಗೆ ಒತ್ತಾಗಿ ಕೂತ ಪರಮಾಣುಗಳ ಬೀಜಗಳು ಬೇಸರಕ್ಕೋ ಏನೋ ಒಂದಕ್ಕೊಂದು ಬೆಸೆದುಕೊಂಡು ಶಾಖ ಕೊಡುತ್ತವೆ ಎಂಬಲ್ಲಿಂದ ಮುಂದೆ ನಂಬಿಕೆಯ ವಿಷಯ.

ವಿಜ್ಞಾನದಲ್ಲಿ ಒಂದು ಹಳೇ ಪದ್ಧತಿ ಇದೆ. ಮೊದಲು ಪ್ರಬಂಧ ಬರೆಯಬೇಕು, ತಿಳಿದವರು ಅದನ್ನು ತಿದ್ದಿ ತೀಡಬೇಕು, ಆಮೇಲೆ ಬೇಕಿದ್ದರೆ ಪತ್ರಿಕಾಗೋಷ್ಠಿ. ಆದರೆ ಅದೇ ರಾಜ್ಯದ ಬ್ರಿಗ್ಯಾಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ಸ್ಟೀವನ್ ಜೋನ್ಸ್ ಎಂಬ ಭೌತವಿಜ್ಞಾನಿಯೂ ಇದೇ ಥರದ ಕೆಲಸದಲ್ಲಿದ್ದರು. ಎರಡೂ ಕಡೆಯವರು ಮಾರ್ಚ್ 24ರಂದು ಒಟ್ಟಿಗೇ ಪ್ರಬಂಧ ಕಳಿಸೋಣ ಎಂದು ಮಾತಾಗಿತ್ತು. 24ರ ಹಿಂದಿನ ದಿನ ಯಾವುದು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ಸರ್ಕಾರಗಳನ್ನು ಮೀರಿಸಿದವರಿಲ್ಲ. ಏಪ್ರಿಲ್‌ನಲ್ಲೇ ಯೂಟಾ ಶಾಸನಸಭೆ 50 ಲಕ್ಷ ಡಾಲರ್ ಮಂಜೂರು ಮಾಡಿತು. ವಿಶ್ವವಿದ್ಯಾಲಯದವರು ಅಮೆರಿಕದ ಸಂಸತ್ತಿನ ಮುಂದೆ ಹೋಗಿ ಇನ್ನೂ ಎರಡೂವರೆ ಕೋಟಿ ಡಾಲರ್ ಕೇಳಿದರು. ಪಲ್ಲಾಡಿಯಂ ಬೆಲೆ ಏರಿತು. ಅಷ್ಟರಮಟ್ಟಿಗೆ ಶಾಖ ಹುಟ್ಟಿದ್ದು ನಿಜ, ಮಾರುಕಟ್ಟೆಯಲ್ಲಿ. ಆಗಸ್ಟ್‌ನಲ್ಲಿ ರಾಷ್ಟ್ರೀಯ ಕೋಲ್ಡ್ ಫ್ಯೂಷನ್ ಸಂಸ್ಥೆ ಬಾಗಿಲು ತೆರೆಯಿತು. 1991ರಲ್ಲಿ ಬಾಗಿಲು ಹಾಕಿತು.

ಭೌತವಿಜ್ಞಾನಿಗಳು ಮಾತ್ರ ಈ ಸಂಭ್ರಮದಲ್ಲಿ ಒಂದು ಸಣ್ಣ ಲೆಕ್ಕ ತೆಗೆದರು. ಡ್ಯೂಟೀರಿಯಂ ಬೆಸೆದು ಒಂದೇ ಒಂದು ವ್ಯಾಟ್ ಶಾಖ ಬರಬೇಕಾದರೂ ಸೆಕೆಂಡಿಗೆ ಸುಮಾರು 1 ಲಕ್ಷ ಕೋಟಿ ನ್ಯೂಟ್ರಾನ್ ಹೊರಗೆ ಹಾರಬೇಕು. ಅಷ್ಟು ನ್ಯೂಟ್ರಾನ್ ಎದುರು ಗಂಟೆಗಟ್ಟಲೆ ನಿಂತವರು ಉಳಿಯುವುದು ಕಷ್ಟ. ಇವರು ನೋಡಿದರೆ ಕ್ಯಾಮೆರಾ ಮುಂದೆ ನಗುತ್ತ ಕೂತಿದ್ದಾರೆ! ಆವಿಷ್ಕಾರಕರ ಆರೋಗ್ಯವೇ ಆವಿಷ್ಕಾರದ ವಿರುದ್ಧ ಸಾಕ್ಷಿ ಹೇಳಿದ್ದು ವಿಜ್ಞಾನದ ಚರಿತ್ರೆಯಲ್ಲಿ ಜಾಸ್ತಿ ಸಲ ಆಗಿರಲಿಕ್ಕಿಲ್ಲ.

ನಮಗೂ ಸಿಕ್ಕಿತು ಎಂದು ಕೈ ಎತ್ತಿದವರಿಗೆ ಬರವಿರಲಿಲ್ಲ. ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದವರು ನ್ಯೂಟ್ರಾನ್ ಕಂಡೆವು ಎಂದು ಸಾರಿದರು. ಕೆಲವೇ ದಿನಗಳಲ್ಲಿ, ನಮ್ಮ ಎಣಿಕೆ ಯಂತ್ರ ಬಿಸಿಗೇ ಎಣಿಸುತ್ತಿತ್ತು ಎಂದು ಹೇಳಿ ಮಾತು ಹಿಂತೆಗೆದುಕೊಂಡರು. ಇವರ ಬಗ್ಗೆ ನನಗೆ ಗೌರವವಿದೆ. ಇಡೀ ಪ್ರಹಸನದಲ್ಲಿ ಥರ್ಮಾಮೀಟರ್ ಕಡೆ ತಿರುಗಿ ನೋಡಿದವರು ಕಡಿಮೆ. ಏನೂ ಸಿಗದ ಪ್ರಯೋಗಾಲಯಗಳಿಗೆ ಸಿಕ್ಕ ಉತ್ತರವಂತೂ ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಜಾತಿಯದು. ನಿಮ್ಮ ಪಲ್ಲಾಡಿಯಂ ಸರಿಯಿಲ್ಲ. ಡ್ಯೂಟೀರಿಯಂ ಸಾಕಷ್ಟು ತುಂಬಿಲ್ಲ. ಇನ್ನೂ ಕೆಲವು ವಾರ ಕಾಯಬೇಕಿತ್ತು. ಬಿಸಿ ಬಂದರೆ ಫ್ಯೂಷನ್, ಬಾರದಿದ್ದರೆ ನಿಮ್ಮ ಕಡ್ಡಿಯ ಹಣೆಬರಹ. ಇಂಥ ಸಿದ್ಧಾಂತವನ್ನು ಸೋಲಿಸುವವರು ಇನ್ನೂ ಹುಟ್ಟಬೇಕು.

ಹಾಗೆ ನೋಡಿದರೆ ಈ ಪಲ್ಲಾಡಿಯಂ ಹಳೇ ಮೋಸಗಾರ. 1926ರಲ್ಲೇ ಬರ್ಲಿನ್‌ನಲ್ಲಿ ಪನೆತ್ ಮತ್ತು ಪೀಟರ್ಸ್ ಎಂಬಿಬ್ಬರು ಪಲ್ಲಾಡಿಯಂನಲ್ಲಿ ಹೈಡ್ರೋಜನ್ ಹೀಲಿಯಂ ಆಯಿತು ಎಂದಿದ್ದರು. ಮುಂದಿನ ವರ್ಷ, ಆ ಹೀಲಿಯಂ ಗಾಜಿನಿಂದಲೂ ಗಾಳಿಯಿಂದಲೂ ಬಂದದ್ದು ಎಂದು ಅವರೇ ಒಪ್ಪಿಕೊಂಡರು. ಯಾರೂ ಶಾಸನಸಭೆಗೆ ಹೋಗಿರಲಿಲ್ಲ, ಹಾಗಾಗಿ ಒಪ್ಪಿಕೊಳ್ಳುವುದು ಸುಲಭವಾಗಿತ್ತು.

ದುಡ್ಡಿಗೆ ಮಾತ್ರ ಈ ಕೊಳವೆಯ ಮೇಲೆ ಮೋಹ ಹೋಗಲೇ ಇಲ್ಲ. ಟೊಯೋಟಾ ಬಳಗದ ಹಣದಲ್ಲಿ ಫ್ರಾನ್ಸ್‌ನಲ್ಲಿ ಪ್ರಯೋಗಾಲಯ ನಡೆಯಿತು, 1998ರಲ್ಲಿ ಮುಚ್ಚಿತು. 2015ರಲ್ಲಿ ಗೂಗಲ್ ಸುಮಾರು 30 ಸಂಶೋಧಕರನ್ನು ಸೇರಿಸಿ ಹುಡುಕಿಸಿತು. ಕೋಲ್ಡ್ ಫ್ಯೂಷನ್‌ಗೆ ಯಾವ ಪುರಾವೆಯೂ ಸಿಗಲಿಲ್ಲ ಎಂದು 2019ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು. ಅಳೆಯುವ ಉಪಕರಣಗಳು ಮಾತ್ರ ಸುಧಾರಿಸಿದವು. ಇಲ್ಲ ಎಂಬುದನ್ನು ಇನ್ನು ಮುಂದೆ ಹೆಚ್ಚು ನಿಖರವಾಗಿ ಹೇಳಬಹುದು.

2023ರಲ್ಲಿ ಅಮೆರಿಕದ ಇಂಧನ ಇಲಾಖೆ ಮತ್ತೆ 8 ಯೋಜನೆಗಳಿಗೆ 1 ಕೋಟಿ ಡಾಲರ್ ಘೋಷಿಸಿತು. ಒಂದು ಸಲ ಗಟ್ಟಿಯಾಗಿ ನೋಡಿಬಿಡೋಣ ಎಂಬ ಉದ್ದೇಶ ಕೆಟ್ಟದ್ದೇನಲ್ಲ. ಕೊಳವೆಗೆ ಹರಿಸುವ ಕರೆಂಟು ಮಾತ್ರ ಸದ್ಯಕ್ಕೆ ಗೋಡೆಯ ಪ್ಲಗ್ಗಿನಿಂದಲೇ ಬರಬೇಕು, ಬಿಲ್ಲು ಕಟ್ಟಬೇಕು.