ಹಂಪಿಯ ಕಲ್ಲಿನ ಮೇಲೆ ಸುಲ್ತಾನ ಇದಾನೆ, ಏನೀಗ?

ಶನಿವಾರ ಹಂಪಿಗೆ ಹೋಗಿದ್ದೆ. ಅಲ್ಲಿ ನಡೆದದ್ದನ್ನ ಬರೀಬೇಕೋ ಬೇಡ್ವೋ ಅಂತ ಎರಡು ದಿನ ಸುಮ್ನಿದ್ದೆ, ಇವತ್ತು ಬೆಳಿಗ್ಗೆ ಕಾಫಿ ಕುಡೀತಾ ಮತ್ತೆ ನೆನಪಾಗಿ ಮೈ ಉರಿದುಹೋಯ್ತು, ಅದಕ್ಕೇ ಬರೀತಿದೀನಿ. ಉದ್ದ ಆಗತ್ತೆ, ಓದಿ.

ವಿರೂಪಾಕ್ಷ ದೇವಸ್ಥಾನದ ಒಳಗೆ ಕೃಷ್ಣದೇವರಾಯನ ಶಾಸನದ ಕಲ್ಲಿದೆಯಲ್ಲ, ಪಟ್ಟಕ್ಕೆ ಬಂದ ಹೊಸದರಲ್ಲಿ, 1510ರ ಆಸುಪಾಸಲ್ಲಿ ಹಾಕಿಸಿದ್ದು. ಅದರ ಹತ್ರ ಒಬ್ಬ ಗೈಡ್ ಒಂದು ಫ್ಯಾಮಿಲಿಗೆ ರಾಯನ ಬಿರುದುಗಳನ್ನ ಬಾಯಿಪಾಠ ಒಪ್ಪಿಸ್ತಿದ್ದ. ರಾಜಾಧಿರಾಜ, ರಾಜಪರಮೇಶ್ವರ, ಮೂರುರಾಯರ ಗಂಡ, ಪರರಾಯಭಯಂಕರ, ಹಿಂದೂರಾಯ ಸುರತ್ರಾಣ. ಅಲ್ಲಿ ನಿಲ್ಲಿಸಿ, "ಸುರತ್ರಾಣ ಅಂದ್ರ ಸುಲ್ತಾನ್ ರೀ ಸರ್, ಆ ಪದಾನ ಸಂಸ್ಕೃತಕ್ಕ ತಂದಾರ" ಅಂದ. ಆ ಮನೆ ಯಜಮಾನ್ರು ಎಲ್ಲರ ಎದುರಿಗೇ ರೇಗಿದ್ರು. "ಬಾಯಿಗೆ ಬಂದಂಗೆ ಹೇಳ್ಬೇಡಪ್ಪ, ಮಕ್ಕಳು ಕೇಳಿಸ್ಕೋತಿದಾರೆ, ನಮ್ ರಾಯನ್ನ ಸುಲ್ತಾನ ಅಂತೀಯಾ?" ಗೈಡ್ ಮುಖ ಸಣ್ಣದು ಮಾಡ್ಕೊಂಡು "ತಪ್ಪಾತ್ರಿ ಸರ್" ಅಂದುಬಿಟ್ಟ.

ಸರಿಯಾದ್ದನ್ನೇ ಹೇಳಿದವನ ಬಾಯಲ್ಲಿ ತಪ್ಪಾಯ್ತು ಅನ್ನಿಸಿದ್ರಲ್ಲ, ಅದು ನನ್ನ ತಲೇಲಿ ಕೊರೀತಾನೇ ಇದೆ.

ನಾನು ಹನ್ನೊಂದು ವರ್ಷ ಮಸ್ಕತ್‌ನಲ್ಲಿದ್ದವಳು, ನಿಮಗೆಲ್ಲ ಗೊತ್ತೇ ಇದೆ. ಆ ದೇಶದ ಹೆಸರೇ ಸಲ್ತನತ್ ಒಮಾನ್. ನಮ್ ಆಫೀಸಲ್ಲಿದ್ದ ಒಮಾನಿ ಗೆಳತಿ ಒಂದ್ಸಲ ಹೇಳಿದ್ಲು, ಸುಲ್ತಾನ್ ಅನ್ನೋದು ಮೊದಲು ಮನುಷ್ಯನ ಹೆಸರೇ ಅಲ್ಲ ಕಣೇ, ಅದು ಅಧಿಕಾರ ಅನ್ನೋದರ ಹೆಸರು ಅಂತ. ಆಮೇಲೆ ನಾನೇ ಹುಡುಕಿ ಓದಿದೆ. ಕುರಾನ್‌ನಲ್ಲಿ ಬರೋ ಸುಲ್ತಾನ್‌ಗೆ ಅಧಿಕಾರ, ಪುರಾವೆ ಅಂತ ಅರ್ಥ, ಯಾವ ರಾಜನ ಮಾತೂ ಅಲ್ಲ. ನಮ್ಮಲ್ಲಿ ದೊರೆ ಇದ್ದು ಆಮೇಲೆ ದೊರೆತನ ಬಂತು, ಅವರಲ್ಲಿ ದೊರೆತನ ಅನ್ನೋ ಪದವೇ ಹೋಗಿ ದೊರೆಯ ಮೇಲೆ ಕೂತ್ಕೊಂಡ್ತು. ಘಜ್ನಿಯ ಮಹಮೂದನ್ನ ಅವನ ಕಾಲದವರು ಹಾಗೆ ಕರೆದ್ರು, 1055ರಲ್ಲಿ ಸೆಲ್ಜುಕ್ ತುರ್ಕರ ತುಘ್ರಿಲ್ ಬಾಗ್ದಾದಿಗೆ ನುಗ್ಗಿದ ಮೇಲಂತೂ ಎರಡು ಕುರ್ಚಿ ಆಯ್ತು. ಪ್ರವಾದಿಯ ಉತ್ತರಾಧಿಕಾರಿ ಅನ್ನಿಸ್ಕೊಂಡ ಖಲೀಫ ಗೌರವಕ್ಕೆ, ಸೈನ್ಯ ಮತ್ತು ಖಜಾನೆ ಸುಲ್ತಾನನ ಕೈಗೆ.

ಈ ವ್ಯತ್ಯಾಸ ನಮ್ಮ ಜನಕ್ಕೆ ಗೊತ್ತೇ ಇಲ್ಲ, ಸುಲ್ತಾನ್ ಅಂದ ತಕ್ಷಣ ಅದೇನೋ ಧರ್ಮಪೀಠದ ಹೆಸರು ಅಂದ್ಕೋತಾರೆ. ಖಲೀಫ ಆಗೋಕೆ ಪ್ರವಾದಿಯ ಕುರೈಷ್ ಕುಲದವನಾಗಿರ್ಬೇಕು ಅಂತ ಸುನ್ನಿ ಪಂಡಿತರು ಹೇಳ್ತಿದ್ರು. ಸುಲ್ತಾನ್ ಆಗೋಕೆ ಕುಲ ಬೇಕಿರ್ಲಿಲ್ಲ, ತೋಳಲ್ಲಿ ಬಲ ಇದ್ರೆ ಸಾಕಿತ್ತು. ಅದಕ್ಕೇ ಆ ಪದ ಅಷ್ಟು ದೂರ ಹರಡ್ತು ಅಂತ ನನ್ನ ನಂಬಿಕೆ. ಗುಲಾಮನಾಗಿ ಮಾರಾಟವಾಗಿದ್ದ ಇಲ್ತುತ್‌ಮಿಶ್ ದೆಹಲಿ ಸುಲ್ತಾನ ಆದ, 1229ರಲ್ಲಿ ಬಾಗ್ದಾದಿನ ಖಲೀಫನೇ ಅವನಿಗೆ ಮಾನ್ಯತೆ ಕಳಿಸಿದ. ಅವನ ಮಗಳು ರಜಿಯಾನ ಆ ಕಾಲದ ಚರಿತ್ರೆಕಾರ ಮಿನ್ಹಾಜ್ ಸುಲ್ತಾನ್ ರಜಿಯಾ ಅಂತಲೇ ಬರೀತಾನೆ, ತುರ್ಕಿಯ ಆಟೊಮನ್ ಅರಮನೇಲಿ ರಾಜನ ತಾಯಿ, ಹೆಣ್ಣುಮಕ್ಕಳ ಹೆಸರಿನ ಹಿಂದೆಯೂ ಅದೇ ಪದ. ಇವತ್ತಿಗೂ ಮಲೇಷ್ಯಾದ ಏಳು ರಾಜ್ಯಕ್ಕೆ ಸುಲ್ತಾನರು, ಬ್ರೂನೈಗೊಬ್ಬ, ನೈಜೀರಿಯಾದ ಸೊಕೊಟೊಗೊಬ್ಬ, ಜಾವಾದ ಯೋಗ್ಯಕರ್ತದಲ್ಲಂತೂ ಸುಲ್ತಾನನೇ ಗವರ್ನರ್. ಒಮಾನ್‌ನಲ್ಲೇ ಒಂದು ಕಾಲಕ್ಕೆ ಬೆಟ್ಟದ ಸೀಮೆಗೆ ಧರ್ಮದ ಮುಖಂಡ ಇಮಾಮ್ ಬೇರೆ, ಕರಾವಳಿಯ ಮಸ್ಕತ್ ಆಳೋ ಸುಲ್ತಾನ ಬೇರೆ ಇದ್ರು, 1920ರಲ್ಲಿ ಅವರಿಬ್ಬರ ಕಡೆಯವರು ಒಪ್ಪಂದ ಮಾಡ್ಕೊಂಡಿದ್ರು. ಧರ್ಮದ ಹುದ್ದೆ, ಆಳೋ ಹುದ್ದೆ ಬೇರೆ ಬೇರೆ ಅನ್ನೋದಕ್ಕೆ ಇನ್ನೇನು ಬೇಕು?

ಈಗ ನಮ್ಮೂರಿಗೆ ಬರೋಣ. 14ನೇ ಶತಮಾನ. 1347ರಲ್ಲಿ ಕಲಬುರಗಿಯಲ್ಲಿ ಬಹಮನಿಗಳು ಎದ್ದರು, ಇತ್ತ ತುಂಗಭದ್ರೆ ದಡದಲ್ಲಿ ವಿಜಯನಗರ ಕಟ್ಟಿದ ಸಂಗಮನ ಮಕ್ಕಳು, ಹರಿಹರ, ಬುಕ್ಕ. ಆಗ ಯಾರಿಗೂ ತಲೆ ಬಗ್ಗಿಸದ ಒಡೆಯ ಅಂತ ಹೇಳ್ಕೋಬೇಕಾದ್ರೆ ಆ ಕಾಲದ ದೊಡ್ಡ ಪದ ಯಾವುದಿತ್ತೋ ಅದನ್ನೇ ಬುಕ್ಕರಾಯನ ಕಾಲದಿಂದ ಬಿರುದು ಮಾಡ್ಕೊಂಡ್ರು, ಹಿಂದೂ ರಾಜರಲ್ಲಿ ಸುಲ್ತಾನ ಅಂತ. ಇತಿಹಾಸಕಾರ ಫಿಲಿಪ್ ವ್ಯಾಗನರ್ ಇದರ ಬಗ್ಗೆ ವಿವರವಾಗಿ ಬರೆದಿದಾರೆ, ರಾಯರು ದರ್ಬಾರಿಗೆ ಹಾಕ್ತಿದ್ದ ಉದ್ದನೆ ಟೋಪಿ, ಅಂಗಿಯನ್ನೂ ಸೇರಿಸಿ. ತಿರುಮಲೆಯಲ್ಲಿರೋ ಕೃಷ್ಣದೇವರಾಯನ ಲೋಹದ ಮೂರ್ತಿ ನೋಡಿ, ತಲೆ ಮೇಲೆ ಅದೇ ಕುಲ್ಲಾಯಿ. ಪಾರಸಿಯ ಕುಲಾಹ್. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ್ರು ಅಂತೀವಲ್ಲ, ಆ ಕುಲಾವಿನೂ ಅದೇ! ನಮ್ಮಜ್ಜಿ ನಂಗೆ ಹೊಲಿದಿದ್ದ ಕೆಂಪು ಕುಲಾವಿ ಇನ್ನೂ ಟ್ರಂಕಲ್ಲಿದೆ.

ಇದನ್ನ ಹೇಳಿದ್ರೆ ಕೆಲವರು ತಕ್ಷಣ, ಸುರ ಅಂದ್ರೆ ದೇವತೆ, ತ್ರಾಣ ಅಂದ್ರೆ ಕಾಪಾಡೋದು, ಇದು ಶುದ್ಧ ಸಂಸ್ಕೃತ, ಸುಲ್ತಾನನ ಮಾತೇ ಇಲ್ಲ ಅಂತಾರೆ. ಆ ಅರ್ಥ ಕೂಡಿಬರೋ ಹಾಗೆ ಪಂಡಿತರು ಹೊಂದಿಸಿದ್ರು, ಒಪ್ತೀನಿ, ಚಂದ ಇದೆ. ಆದ್ರೆ ಸಂಸ್ಕೃತದಲ್ಲಿ ಬರೆಯೋರು ಸುಲ್ತಾನರನ್ನ ಕರೆಯೋದಕ್ಕೂ ಇದೇ ಸುರತ್ರಾಣ ಬಳಸಿದಾರಲ್ಲ, ಅಲ್ಲಿ ಯಾವ ದೇವತೆ ಕಾಪಾಡೋ ಮಾತಿತ್ತು? ಅರಬ್ಬಿಯ ಅಮೀರ್ ಹೀಗೇ ಹಮ್ಮೀರ ಆಗಿ ನಾಣ್ಯದ ಮೇಲೂ ಬಂತು. ಮೇವಾಡದ ರಾಣಾ ಕುಂಭನಿಗೂ ರಾಣಕಪುರದ 1439ರ ಶಾಸನದಲ್ಲಿ ಹಿಂದೂ ಸುರತ್ರಾಣ ಅಂತಲೇ ಬಿರುದು. ಇನ್ನು ಕೆಲವರು, ಸುಲ್ತಾನರೇ ಅಲ್ವಾ 1565ರಲ್ಲಿ ಹಂಪಿ ಹಾಳು ಮಾಡಿದ್ದು ಅಂತಾರೆ. ಹೌದು, ಮಾಡಿದ್ರು, ಆ ಒಡೆದ ಕಲ್ಲುಗಳ ಮಧ್ಯೆ ನಿಂತಾಗ ನನಗೂ ಪ್ರತಿ ಸಲ ಗಂಟಲು ಕಟ್ಟತ್ತೆ. ಬುಕ್ಕನ ಮಗ ಕಂಪಣ ಮಧುರೆ ಸುಲ್ತಾನನ ಮೇಲೆ ದಂಡೆತ್ತಿ ಹೋಗಿ ಗೆದ್ದ, ಅಪ್ಪ ಮಾತ್ರ ಆ ಬಿರುದು ಬಿಡ್ಲಿಲ್ಲ. ಶತ್ರು ಜತೆ ಕಾದಾಡಿದವರಿಗೇ ಇಲ್ಲದ ಮೈಲಿಗೆ ನಮಗೆ ಎಲ್ಲಿಂದ ಬಂತು? ಟಿಪ್ಪು ವಿಷಯ ದಯವಿಟ್ಟು ಇಲ್ಲಿಗೆ ಎಳೀಬೇಡಿ, ಅದು ಬೇರೆ ಜಗಳ.

ಆ ಯಜಮಾನ್ರು ವಾಪಸ್ ಹೋಗಿ ತಾಲ್ಲೂಕು ಅಂತಾರೆ, ಜಿಲ್ಲೆ ಅಂತಾರೆ, ಇಲಾಖೆ ಅಂತಾರೆ, ರೈತ ಅಂತಾರೆ, ಎಲ್ಲದರ ಬೇರೂ ಅರಬ್ಬಿಯಲ್ಲೇ ಇದೆ. ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹನನ್ನ ಜಗದ್ಗುರು ಅಂತ ಕರೀತಿದ್ರು ಅಂದ್ರೆ ಅವರಿಗೆ ಅದೂ ಸಿಟ್ಟು ಬರ್ಬಹುದು. ಸಿಟ್ಟು ಬಂದ್ರೆ ಬರ್ಲಿ, ಮನೆಗೆ ಹೋಗಿ ಓದ್ಕೊಳ್ಲಿ, ಬಿಸಿಲಲ್ಲಿ ನಿಂತು ಹೊಟ್ಟೆಪಾಡಿಗೆ ಕಥೆ ಹೇಳೋನ ಮೇಲೆ ಯಾಕೆ?

ನಾನೂ ಆಗ ಬಾಯಿ ಬಿಡ್ಲಿಲ್ಲ. ಇದನ್ನ ಹೇಳದೆ ಪೋಸ್ಟ್ ಹಾಕಿದ್ರೆ ಮೋಸ ಆಗತ್ತೆ. ಎರಡು ಹೆಜ್ಜೆ ದೂರದಲ್ಲಿದ್ದೆ, ಎಲ್ಲ ಗೊತ್ತಿತ್ತು, ಯಾಕೆ ಊರವರ ಜತೆ ಜಗಳ ಅಂತ ಕಂಬ ನೋಡ್ತಾ ನಿಂತೆ. ಅವರು ಹೋದ್ಮೇಲೆ ಗೈಡ್ ಹತ್ರ ಹೋಗಿ, ನೀವು ಹೇಳಿದ್ದೇ ಸರಿ ಅಂದೆ. "ಗೊತ್ತೈತ್ರಿ ಮೇಡಂ" ಅಂದ, "ಆದ್ರ ನಾಳೆನೂ ನಾ ಇಲ್ಲೇ ನಿಲ್ಬೇಕಲ್ರಿ."

ಅಷ್ಟರಲ್ಲಿ ಇನ್ನೊಂದು ಗುಂಪು ಬಂತು, ಅವನು ಕರ್ಚೀಫಲ್ಲಿ ಮುಖ ಒರೆಸ್ಕೊಂಡು ಅದೇ ಕಲ್ಲಿನ ಮುಂದೆ ಹೋಗಿ ನಿಂತ. ನಾನು ಅಲ್ಲೇ ಕೂತು ಕೇಳಿಸ್ಕೊಂಡೆ. ರಾಜಾಧಿರಾಜ, ರಾಜಪರಮೇಶ್ವರ, ಮೂರುರಾಯರ ಗಂಡ, ಪರರಾಯಭಯಂಕರ ಅಂದ. ಅದಾದ್ಮೇಲೆ ನೇರವಾಗಿ ದುಷ್ಟಶಾರ್ದೂಲಮರ್ದನಕ್ಕೆ ಹೋದ.